ಎಳ್ಳ ಅಮಾವಾಸ್ಯೆ, ಕ್ರಿಸ್‌ಮಸ್ ವಾರಕ್ಕೆ ಕಾಲೇಜು ರೇಡಿಯೋದಲ್ಲಿ ಯಾವ ಹಾಡು ಹಾಕೋಣ?

ಪ್ರಶ್ನೆ (ರೇಡಿಯೋ ಹುಡುಗಿ, ಕಲಬುರಗಿ)

ನಮ್ಮ ಕಾಲೇಜಿನ ಸಮುದಾಯ ರೇಡಿಯೋದಲ್ಲಿ ಡಿಸೆಂಬರ್ ಕೊನೆಯ ಹಾಡಿನ ಕಾರ್ಯಕ್ರಮ ಈ ಸಲ ನನ್ನ ಪಾಲಿಗೆ ಬಂದಿದೆ. ದಿನಾ ಸಂಜೆ ಒಂದು ತಾಸು. ಹೋದ ವರ್ಷ ಎಲ್ಲರೂ ಊರಿಗೆ ಹೊರಟೆವು, ಕಂಪ್ಯೂಟರಿನಲ್ಲಿ ಇಪ್ಪತ್ತು ಸಿನಿಮಾ ಹಾಡು ತುಂಬಿ ಸ್ಟುಡಿಯೋಗೆ ಬೀಗ ಹಾಕಿದೆವು, ವಾರವಿಡೀ ಅವೇ ತಿರುಗಿದವು. ಮತ್ತೆ ಹಾಗಾಗಬಾರದು. ಎಳ್ಳ ಅಮಾವಾಸ್ಯೆಗೆ ನಮ್ಮ ಆಯಿ ಹಾಡುವ ಪದಗಳನ್ನು ಹಾಕಬೇಕು ಅಂತ ನನಗೆ ಬಹಳ ಆಸೆ. ಹಳ್ಳಿ ಪದ ಯಾರು ಕೇಳ್ತಾರೆ ಅಂತ ಗೆಳೆಯರು ತಕರಾರು ತೆಗೀತಿದ್ದಾರೆ. ಹಾಡುಗಳ ಹಕ್ಕಿನ ಲೈಸೆನ್ಸ್ ಚಿಂತೆ ಬೇರೆ. ಅನುಭವ ಇದ್ದವರು ಹೇಳಿ.

ಹಳೇ ಮೈಕು

ತಂಗೀ, ಆಯಿಯ ಪದಗಳನ್ನೇ ಹಾಕು. ಕನಿಷ್ಠ ಅರ್ಧ ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು ಅಂತ ಸಮುದಾಯ ರೇಡಿಯೋ ನಿಯಮದಲ್ಲೇ ಇದೆ. ಸಿನಿಮಾ ಹಾಡಿಗೆ ಎರಡು ಹಕ್ಕು ಇರುತ್ತವೆ, ಬರೆದು ರಾಗ ಹಾಕಿದವರದ್ದು ಒಂದು, ರೆಕಾರ್ಡ್ ಮಾಡಿದ ಕಂಪನಿಯದ್ದು ಇನ್ನೊಂದು. ತಲೆಮಾರಿನಿಂದ ಬಂದ ಪದವನ್ನು ನೀನೇ ರೆಕಾರ್ಡ್ ಮಾಡಿದರೆ ಆ ತಲೆನೋವಿಲ್ಲ. ಹಾಡುವವರ ಒಪ್ಪಿಗೆ ಬೇಕೇ ಬೇಕು, ಮೈಕಿನ ಮುಂದೆಯೇ ಹೇಳಿಸಿಕೋ. ನಮ್ಮ ಕಡೆಯ ಅನುಭಾವಿ ಕವಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರು ಸಿಕ್ಕರೆ ಅವರನ್ನೂ ಕೂರಿಸು. ಆದರೆ ಅಂಗಡಿ ಕ್ಯಾಸೆಟ್ಟಿನಿಂದ ಎತ್ತಿ ಹಾಕಬೇಡ. ಪದ ಎಷ್ಟೇ ಹಳೆಯದಿರಲಿ, ಆ ರೆಕಾರ್ಡಿಂಗ್ ಮೇಲೆ 60 ವರ್ಷ ಹಕ್ಕಿರುತ್ತದೆ. ಪ್ರಸಾರ ಆದದ್ದನ್ನು ಮೂರು ತಿಂಗಳು ಕಾದಿಡಬೇಕು, ಅದನ್ನೂ ಮರೀಬೇಡ.

ಬೀದರ್ ಕೋಟೆ

ಕ್ರಿಸ್‌ಮಸ್ಸಿಗೆ ಸುಮ್ನೆ ನಾಲ್ಕು ಇಂಗ್ಲಿಷ್ ಹಾಡು ಹಾಕಿ ಮುಗಿಸಬೇಡಿ, ದಯವಿಟ್ಟು. ನಮ್ಮ ಬೀದರ್ ಕಡೆ ಮೆಥಡಿಸ್ಟ್ ಚರ್ಚುಗಳು ಜಾಸ್ತಿ. ನಾವು ಢೋಲಕ್, ಹಾರ್ಮೋನಿಯಂ ಹಿಡಿದು ರಾತ್ರಿ ಮನೆ ಮನೆಗೆ ಹೋಗಿ ಕನ್ನಡದಲ್ಲೇ ಹಾಡ್ತೀವಿ, ಚಳಿಗೆ ಧ್ವನಿ ನಡುಗ್ತಿದ್ರೂ ಹಾಡ್ತೀವಿ. ಕಲಬುರಗಿಯಲ್ಲೂ ಅಂಥ ತಂಡ ಸಿಗುತ್ತೆ, ಹೋಗಿ ಕೇಳಿ.

ಸೌಂಡ್ ಅಣ್ಣ

ಹಬ್ಬದ ದಿನ ರೆಕಾರ್ಡ್ ಮಾಡಿ ಸಂಜೆಗೆ ಹಾಕ್ತೀನಿ ಅಂದ್ಕೋಬೇಡಮ್ಮ. ಅವತ್ತು ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಅಂದ್ರೆ ಭೂತಾಯಿಗೆ ಎಡೆ ಚೆಲ್ಲುವ ಗಡಿಬಿಡಿ. ಹೊಲದ ಗಾಳಿ ಮೈಕಿಗೆ ಬಡಿದರೆ ಪದದ ಮಾತೇ ತಿಳಿಯಲ್ಲ. ಎಂಟು ದಿನ ಮೊದಲೇ ಹೋಗಿ ಒಳಗಿನ ಕೋಣೆಯಲ್ಲಿ ಕೂರಿಸು, ಫ್ಯಾನ್ ಆರಿಸು, ನೆಲಕ್ಕೆ ಕೌದಿ ಹಾಸು. ಮೊದಲ ಎರಡು ಪದ ಬಿಗುವಾಗಿ ಬರ್ತವೆ, ಮೂರನೆಯದರಿಂದ ಆಯಿ ನಿನ್ನನ್ನೂ ಮೈಕನ್ನೂ ಮರೆತು ಹಾಡ್ತಾರೆ. ಯಂತ್ರ ನಿಲ್ಲಿಸಬೇಡ. ಒಂದು ಮಾತು, ಸಮುದಾಯ ರೇಡಿಯೋ ಹತ್ತು ಹನ್ನೆರಡು ಕಿಲೋಮೀಟರ್ ದಾಟೋದು ಕಷ್ಟ. ಆಯಿಯ ಊರು ಎಲ್ಲಿ?

ರೇಡಿಯೋ ಹುಡುಗಿ

ಚಿಂಚೋಳಿ ಕಡೆ ಅಣ್ಣಾ, ಅಲ್ಲಿಗೆ ಕೇಳಿಸೋದೇ ಇಲ್ಲ. ಇದು ನನಗೆ ಹೊಳೆದೇ ಇರಲಿಲ್ಲ. ಪ್ರಸಾರ ಆದ ಮೇಲೆ ಪೂರ್ತಿ ಕಾರ್ಯಕ್ರಮ ಪೆನ್‌ಡ್ರೈವಿಗೆ ಹಾಕಿ ಮಾವನ ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನಲ್ಲಿ ಆಯಿಗೂ ಓಣಿಯವರಿಗೂ ಕೇಳಿಸ್ತೀನಿ. ಚರ್ಚಿಗೆ ನಾಳೆಯೇ ಹೋಗ್ತೀನಿ. ರವಿವಾರ ಊರಿಗೆ ಹೊರಟಿದ್ದೀನಿ, ಮೈಕಿಗೆ ಯಾವ ಬ್ಯಾಟರಿ ಒಯ್ಯಲಿ ಹೇಳಿ.