ಅಪ್‌ಡೇಟ್: ಜೀಪಿನ ಹಳೇ ಟ್ರೇಲರ್, ಮಂಕಾಗುವ ಲೈಟು ಸರಿಯಾಯ್ತು

ಕಾಲು ಟನ್ನಿನ ಹಳೇ ಟ್ರೇಲರಿನ ಲೈಟು ಬ್ರೇಕ್ ಒತ್ತಿದ ಕೂಡಲೇ ಮಂಕಾಗ್ತದೆ ಅಂತ ಕೇಳಿದ್ದೆನಲ್ಲ, ಸರಿಯಾಯ್ತು ಮಾರಾಯ್ರೆ. ಬಲ್ಬ್, ಫ್ಲಾಷರ್ ಬದಲಿಸಿದ್ದು ದಂಡ. "ಅರ್ತ್ (ಕರೆಂಟು ಬ್ಯಾಟರಿಗೆ ವಾಪಸು ಹೋಗುವ ದಾರಿ) ನೋಡಿ" ಎಂದವರದ್ದೇ ಸರಿ. ಅರ್ತ್ ಹೋಗ್ತಿದ್ದದ್ದು ಬರೇ ಟ್ರೇಲರನ್ನು ಜೀಪಿಗೆ ಸಿಕ್ಕಿಸುವ ಕೊಕ್ಕೆಯ ಮೂಲಕ. ಅಲ್ಲಿ ಗ್ರೀಸು, ಹೊಸ ಪೈಂಟು, ಸಾಲದ್ದಕ್ಕೆ ಕಾಸರಗೋಡಿನ ಉಪ್ಪುಗಾಳಿಯ ತುಕ್ಕು. ಹಾಗಾಗಿ ಜೀಪಿನ ಚಾಸಿಯಿಂದ ಟ್ರೇಲರಿನ ಲೈಟಿನ ಪ್ಲಗ್ಗಿನ ಅರ್ತ್ ಪಿನ್ನಿಗೆ, ಅಲ್ಲಿಂದ ಎರಡೂ ಲೈಟಿನ ಬುಡಕ್ಕೆ 2.5 ಚದರ ಮಿ.ಮೀ. ತಾಮ್ರದ ವಯರು ಎಳೆದದ್ದು. ಬೋಲ್ಟಿನಡಿಯ ಪೈಂಟು ಕೆರೆದು ಬಿಗಿದು, ಮೇಲಿಂದ ವ್ಯಾಸಲಿನ್.

ಬಿಚ್ಚುವಾಗ ತಿಳಿದದ್ದು: ಇದರ ಎಡಚಕ್ರದ ನಟ್ಟುಗಳು ಉಲ್ಟಾ ತ್ರೆಡ್ಡಿನವು, ಬಿಚ್ಚಲು ಬಲಕ್ಕೆ ತಿರುಗಿಸಬೇಕು; ಗೊತ್ತಿಲ್ಲದೆ ಎಡಕ್ಕೆ ಜೋರು ಹಾಕಿದರೆ ನಟ್ಟು ಕೂರುವ ಸ್ಟಡ್ಡೇ ಮುರಿದೀತು. ತೊಟ್ಟಿಯ ಅಡಿಯಲ್ಲಿ ನೀರಿಳಿಯುವ ಎರಡು ತೂತು ಉಂಟು; ಬೇಕಾದಾಗ ಬಿರಡೆ ಹಾಕಿ ಮುಚ್ಚಿದರೆ ಟ್ರೇಲರ್ ನೀರಲ್ಲಿ ತೇಲಬೇಕೆಂದೇ ಆ ಏರ್ಪಾಡು. ವೆಲ್ಡ್ ಮಾಡಿ ಖಾಯಂ ಮುಚ್ಚಿಬಿಡಬೇಡಿ, ನೀರು ನಿಂತು ಒಂದೇ ಮಳೆಗಾಲಕ್ಕೆ ತಳ ತುಕ್ಕು ಹಿಡೀತದೆ.