ಗಾಳಿಗೆ ವಾಲಿದ ಎಳೆಗಿಡಗಳಿಗೆ ಕೊಟ್ಟ ಆಸರೆಯನ್ನು ಯಾವಾಗ ತೆಗೆಯಬೇಕು?

ಪ್ರಶ್ನೆ (ಮೂಡಿಗೆರೆ ತಾಲ್ಲೂಕಿನಿಂದ)
ಮಾನ್ಯರೇ, ಕಳೆದ ವರ್ಷ ಜೂನ್ ಮೊದಲ ವಾರದಲ್ಲಿ ಕಾಫಿ ತೋಟದ ಅಂಚಿಗೆ 40 ಸಿಲ್ವರ್ ಓಕ್ ಸಸಿಗಳನ್ನೂ 10 ಕಸಿ ಬೆಣ್ಣೆಹಣ್ಣಿನ ಗಿಡಗಳನ್ನೂ ನೆಟ್ಟಿದ್ದೆ. ಆರಿದ್ರಾ ಮಳೆಯ ಗಾಳಿಗೆ ಅರ್ಧದಷ್ಟು ವಾಲಿದ್ದರಿಂದ ಎಲ್ಲಕ್ಕೂ ಬಿದಿರಿನ ಕೋಲು ಕೊಟ್ಟು, ಬುಡದಿಂದ ತುದಿಯವರೆಗೆ ಮೂರು ಕಡೆ ಪ್ಲಾಸ್ಟಿಕ್ ದಾರದಿಂದ ಬಿಗಿಸಿದೆ. ಈಗ ದಾರ ತೊಗಟೆಯೊಳಗೆ ಇಳಿದು, ಕಟ್ಟಿನ ಮೇಲ್ಭಾಗ ಉಬ್ಬಿಕೊಂಡಿದೆ. ಬಿಚ್ಚಿದರೆ ಆಳೆತ್ತರದ ಗಿಡ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಇನ್ನೊಂದು ಮಳೆಗಾಲ ಕೋಲನ್ನು ಹಾಗೆಯೇ ಬಿಡಬಹುದೇ?

ಉತ್ತರ (ಸಕಲೇಶಪುರದಿಂದ)
ಕೋಲಿನ ವಿಚಾರ ಆಮೇಲಿರಲಿ, ದಾರವನ್ನು ಇಂದೇ ಕತ್ತರಿಸಿ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಮೂಲಕ ಬೇರಿಗೆ ಇಳಿಯಬೇಕು. ಆ ದಾರಿ ಕಟ್ಟಿನಲ್ಲಿ ಮುಚ್ಚಿದ್ದರಿಂದಲೇ ಮೇಲೆ ಉಬ್ಬಿದೆ. ಆಳಕ್ಕೆ ಹೂತ ಎಳೆಯನ್ನು ಮಾತ್ರ ಎಳೆದು ತೊಗಟೆ ಕೀಳಬೇಡಿ.

ಕೋಲು ಇರುವುದು ಬುಡ ಅಲುಗಾಡಿ ಹೊಸ ಬೇರು ಹರಿಯದಿರಲೆಂದು, ಕಾಂಡವನ್ನು ಕಟ್ಟಿಹಾಕಲೆಂದಲ್ಲ. ಗಾಳಿಗೆ ತೂಗಾಡುವ ಕಾಂಡವೇ ಬುಡದಲ್ಲಿ ದಪ್ಪವಾಗುತ್ತದೆ. ಅಲುಗದಂತೆ ಬಿಗಿದದ್ದು ಸಣಕಲಾಗಿ ಉದ್ದಕ್ಕೆ ಬೆಳೆಯುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ. ಗಿಡವನ್ನು ಎರಡು ಬೆರಳಿನಲ್ಲಿ ಹಿಡಿದು ಕೆಳಗಿನಿಂದ ಮೇಲಕ್ಕೆ ಸಾಗಿ. ಎಲ್ಲಿ ಹಿಡಿದಾಗ ತುದಿ ತಾನಾಗಿ ನೆಟ್ಟಗಾಗುತ್ತದೋ ಅದಕ್ಕಿಂತ ತುಸು ಮೇಲೆ ಒಂದೇ ಕಟ್ಟು ಹಾಕಿ, ಕಾಂಡ ಬಲಿತಂತೆ ಕೆಳಗಿಳಿಸುತ್ತ ಬನ್ನಿ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಕೋಲಿಗೂ ಕಾಂಡಕ್ಕೂ ನಡುವೆ ಒಮ್ಮೆ ತಿರುಚಿ, ಸಡಿಲವಾಗಿ ಕಟ್ಟಬೇಕು. ನಮ್ಮ ಕಡೆ ಮುಂಗಾರಿನ ಗಾಳಿ ಪಡುವಣದಿಂದ ಬರುವುದರಿಂದ ಕೋಲು ಆ ಬದಿಗಿದ್ದರೆ ಗಿಡ ಅದಕ್ಕೆ ಉಜ್ಜುವುದಿಲ್ಲ. ಭಾರ ಇಳಿಸಲು ಸಿಲ್ವರ್ ಓಕ್‌ನ ತುದಿ ಚಿವುಟಬೇಡಿ, ಮುಂದೆ ಮೆಣಸಿನ ಬಳ್ಳಿ ಹಬ್ಬಿಸಲು ನೇರ ಕಾಂಡ ಬೇಕಾಗುತ್ತದೆ.

ಉತ್ತರ (ಅರಸೀಕೆರೆಯಿಂದ)
ನಮ್ಮದು ಬಯಲುಸೀಮೆ, ಮಳೆ ಕಡಿಮೆಯಾದರೂ ಆಷಾಢದ ಗಾಳಿಗೆ ಕೊರತೆಯಿಲ್ಲ. ಗುಂಡಿಯಲ್ಲಿ ಮೊದಲು ಕೋಲು ನೆಟ್ಟು ಆಮೇಲೆ ಸಸಿ ಇಡುವುದು ನನ್ನ ರೂಢಿ, ತಡವಾಗಿ ಹೊಡೆದ ಗೂಟ ಬೇರನ್ನೇ ಸೀಳಬಹುದು. ಗೆದ್ದಲು ತಿನ್ನದಿರಲೆಂದು ಒಮ್ಮೆ ಗೊಬ್ಬರದ ಗಿಡದ ಹಸಿ ಕೋಲು ನೆಟ್ಟೆ. ಅದು ಚಿಗುರಿ, ಮಾವಿನ ಸಸಿಗಿಂತ ಎತ್ತರಕ್ಕೆ ಬೆಳೆದು, ಯಾವುದು ಯಾವುದಕ್ಕೆ ಆಸರೆಯೆಂದು ತಿಳಿಯದಂತಾಯಿತು!

ಉತ್ತರ (ಚಿಕ್ಕಮಗಳೂರಿನಿಂದ)
ಬೆಣ್ಣೆಹಣ್ಣಿನ ಗಿಡಗಳನ್ನು ಬೇರೆಯಾಗಿಯೇ ನೋಡಬೇಕು. ಕಾಂಡವನ್ನು ಮೆಲ್ಲಗೆ ಅಲುಗಿಸಿ: ಕಾಂಡವಷ್ಟೇ ಬಾಗಿದರೆ ಮೇಲಿನ ಸಲಹೆ ಸಾಕು, ಬುಡದ ಮಣ್ಣೇ ಬಿರಿದರೆ ಬೇರು ಹಿಡಿದಿಲ್ಲ ಎಂದರ್ಥ. ಬುಡದಲ್ಲಿ ನೀರು ನಿಂತರೆ ಈ ಗಿಡಕ್ಕೆ ಬೇರು ಕೊಳೆರೋಗ ಬೇಗ ತಗಲುತ್ತದೆ, ಅದಕ್ಕೆ ಯಾವ ಕೋಲೂ ಮದ್ದಲ್ಲ. ಕಸಿಯ ಗಂಟಿನ ಮೇಲೆ ಕಟ್ಟು ಬೀಳದಂತೆಯೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ
ಎಲ್ಲರಿಗೂ ವಂದನೆಗಳು. ದಾರಗಳನ್ನೆಲ್ಲ ಕತ್ತರಿಸಿದ್ದಾಯಿತು. ಎರಡು ಬೆಣ್ಣೆಹಣ್ಣಿನ ಗಿಡಗಳ ಬುಡದಲ್ಲಿ ಮಣ್ಣು ಬಿರಿಯಿತು, ಎರಡೂ ತಗ್ಗಿನಲ್ಲಿವೆ. ಮಳೆ ಹಿಡಿಯುವ ಮುನ್ನ ಅಲ್ಲಿ ಬಸಿಗಾಲುವೆ ತೆಗೆಸುತ್ತೇನೆ.