ಎಲ್‌ಇಡಿ ದೀಪ ಹಾಕಿಸಿದ ಮೇಲೆ ರೇಡಿಯೋದಲ್ಲಿ ಬರೀ ಗುಂಯ್ ಸದ್ದು, ಏನು ಮಾಡೋದು?

ಪ್ರಶ್ನೆ: ಸರ್, ನಮ್ಮ ಮನೆ ಜಯನಗರದಲ್ಲಿ. ಅಪ್ಪನಿಗೆ ಬೆಳಿಗ್ಗೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಬೇಕೇ ಬೇಕು. ಮನೆಗೆಲ್ಲ ಎಲ್‌ಇಡಿ ಹಾಕಿಸಿದ ಮೇಲೆ ಗುಂಯ್ ಅನ್ನೋ ಸದ್ದಿನಲ್ಲಿ ಮಾತೇ ಕೇಳಿಸುವುದಿಲ್ಲ. ಎಫ್‌ಎಂ ಚೆನ್ನಾಗಿದೆ. ರೇಡಿಯೋ ರಿಪೇರಿಗೆ ಕೊಡಬೇಕಾ?

ಉತ್ತರ: ಈಗಲೇ ಕೊಡಬೇಡಿ, ಸುಮ್ನೆ ದುಡ್ಡು ದಂಡ. ಎಲ್‌ಇಡಿ ಬಲ್ಬಿನೊಳಗೆ ಡ್ರೈವರ್ ಅಂತ ಒಂದು ಸಣ್ಣ ಸರ್ಕ್ಯೂಟ್ ಇರುತ್ತದೆ. ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಆನ್-ಆಫ್ ಮಾಡುತ್ತದೆ. ಇದರ ಗದ್ದಲ ಆ ವೇಗದ ಎರಡು ಪಟ್ಟು, ಮೂರು ಪಟ್ಟು ಹೀಗೆ ಮೇಲಿನ ಜಾಗಗಳಲ್ಲೂ ಕೇಳಿಸುತ್ತದೆ. 68 ಕಿಲೋಹರ್ಟ್ಸ್ ಅಂದುಕೊಳ್ಳಿ, ಅದರ ಒಂಬತ್ತು ಪಟ್ಟು ಸರಿಯಾಗಿ 612, ಅಲ್ವಾ? ಒಳ್ಳೆ ಬಲ್ಬಿನಲ್ಲಿ ಈ ಗದ್ದಲ ತಡೆಯೋ ಫಿಲ್ಟರ್ ಇರುತ್ತದೆ, ಅಗ್ಗದ್ದರಲ್ಲಿ ಎಷ್ಟೋ ಸಲ ಇರುವುದಿಲ್ಲ. ಮೊಬೈಲ್ ಚಾರ್ಜರ್, ವೈಫೈ ಅಡಾಪ್ಟರ್ ಒಳಗೂ ಇದೇ ಕಥೆ.

ರೇಡಿಯೋಗೆ ಸೆಲ್ ಹಾಕಿ 612ಕ್ಕೆ ಇಟ್ಟು, ಮನೆಯ ಮೇನ್ ಆಫ್ ಮಾಡಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಆಮೇಲೆ ಒಂದೊಂದೇ ಸ್ವಿಚ್ ಹಾಕುತ್ತಾ ಹೋಗಿ, ಅವಸರ ಬೇಡ.

ಪ್ರಶ್ನೆ: ಮೇನ್ ಆಫ್ ಮಾಡಿದೆ ಸರ್, ಸದ್ದು ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ.

ಉತ್ತರ: ಯುಪಿಎಸ್ ಆಫ್ ಮಾಡಿದ್ರಾ? ಮೇನ್ ತೆಗೆದರೂ ಅದು ಬ್ಯಾಟರಿಯಿಂದ ಓಡುತ್ತಲೇ ಇರುತ್ತದೆ, ಅದಕ್ಕೆ ಸೇರಿದ ದೀಪಗಳೂ ಉರಿಯುತ್ತವೆ. ಆಮೇಲೂ ಸದ್ದಿದ್ದರೆ ಅದು ಪಕ್ಕದ ಮನೆಯದ್ದೋ ಬೀದಿಯದ್ದೋ ಇರಬಹುದು. ಆಗ ರೇಡಿಯೋವನ್ನು ಮೆಲ್ಲಗೆ ತಿರುಗಿಸಿ ನೋಡಿ. 612 ಬರುವ ಮೀಡಿಯಂ ವೇವ್‌ಗೆ ರೇಡಿಯೋ ಒಳಗಿರುವ ಫೆರೈಟ್ ಅನ್ನೋ ಕಪ್ಪು ಕಾಂತೀಯ ವಸ್ತುವಿನ ಕಡ್ಡಿಯೇ ಆಂಟೆನಾ, ಅದರ ತುದಿ ಗದ್ದಲದ ಕಡೆ ತಿರುಗಿದಾಗ ಗದ್ದಲ ತುಂಬ ಇಳಿಯುತ್ತದೆ, ನಿಲಯ ಬೇರೆ ದಿಕ್ಕಿನಲ್ಲಿದ್ದರೆ ಅದು ಹಾಗೇ ಕೇಳುತ್ತದೆ. ಎಷ್ಟೋ ಮನೆಯಲ್ಲಿ ಇಷ್ಟರಿಂದಲೇ ಕೆಲಸ ಮುಗಿಯುತ್ತದೆ. ಗೋಡೆಯೊಳಗಿನ ವೈರಿನಿಂದ ನಾಲ್ಕು ಅಡಿ ದೂರ ಇಡುವುದೂ ಒಳ್ಳೆಯದು.

ಪ್ರಶ್ನೆ: ಸಿಕ್ಕಿತು ಸರ್! ಹಾಲ್‌ನ ಒಂದು ಬಲ್ಬು, ಜೊತೆಗೆ ವೈಫೈ ಅಡಾಪ್ಟರ್. ಗದ್ದಲ ತಡೆಯೋಕೆ ವೈರಿಗೆ ಸಿಕ್ಕಿಸೋ ಫೆರೈಟ್ ಕ್ಲಿಪ್ ಹಾಕಿದರೆ ಸಾಕಾ?

ಉತ್ತರ: ಬಲ್ಬು ಬದಲಾಯಿಸಿ, ಅದಕ್ಕೆ ಬೇರೆ ಮದ್ದಿಲ್ಲ. ಹೊಸದನ್ನು ರೇಡಿಯೋ ಪಕ್ಕದಲ್ಲಿ ಉರಿಸಿ ನೋಡಿಯೇ ಇಟ್ಟುಕೊಳ್ಳಿ. ಅಡಾಪ್ಟರ್‌ಗೆ ಫೆರೈಟ್ ಆಗುತ್ತದೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಕೇಳಿ. ಆದರೆ ವೈರಿಗೆ ಸುಮ್ನೆ ಒಂದು ಸಲ ಸಿಕ್ಕಿಸಿದರೆ 612ರಲ್ಲಿ ಏನೂ ಗೊತ್ತಾಗುವುದಿಲ್ಲ. ದೊಡ್ಡ ಫೆರೈಟ್ ರಿಂಗ್ ತಂದು, ಅಡಾಪ್ಟರ್‌ನಿಂದ ಬರುವ ತೆಳು ವೈರನ್ನು ಅದರೊಳಗೆ ಐದಾರು ಸುತ್ತು ಸುತ್ತಿ, ಅಡಾಪ್ಟರ್ ಹತ್ತಿರವೇ ಇರಲಿ. ಸುತ್ತು ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಸದ್ದು ಕಡಿಮೆಯಾಗುತ್ತದೆ ಅಂತ ಯಾರಾದರೂ ಅರ್ಥ್ ಪಿನ್ ಕತ್ತರಿಸಲು ಹೇಳಿದರೆ ದಯವಿಟ್ಟು ಕೇಳಬೇಡಿ, ಜೀವಕ್ಕೆ ಅಪಾಯ.

ಇನ್ನೊಬ್ಬರ ಪ್ರಶ್ನೆ: ನಮ್ಮಲ್ಲಿ ಮಿಕ್ಸಿ ಹಾಕಿದರೆ ಟಿವಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಡಿಶ್ ಕನೆಕ್ಷನ್.

ಉತ್ತರ: ಮಿಕ್ಸಿ ಮೋಟರಿನ ಕಾರ್ಬನ್ ಬ್ರಷ್ ಕಿಡಿ ಹಾರಿಸುತ್ತದೆ, ಸವೆದಿದ್ದರೆ ಇನ್ನೂ ಜಾಸ್ತಿ. ಮೊದಲು ಸೆಟ್‌ಟಾಪ್ ಬಾಕ್ಸ್ ಹಿಂದಿನ ಕೇಬಲ್ ಕನೆಕ್ಟರ್ ಬಿಗಿ ಮಾಡಿ, ಹೊರಗಿನ ಜಾಲರಿ ಬಿಚ್ಚಿಕೊಂಡಿದ್ದರೆ ಗದ್ದಲ ಅಲ್ಲಿಂದಲೇ ನುಗ್ಗುತ್ತದೆ. ಸರಿಹೋಗದಿದ್ದರೆ ಮಿಕ್ಸಿ ರಿಪೇರಿಯವರ ಹತ್ತಿರ ಬ್ರಷ್ ಹಾಕಿಸಿ.